ರೇಟ್ ಕೆಡಿಸುವವರು

ಕಳೆದ ಸಲ ಬೆಂಗಳೂರಿಗೆ ಹೋದಾಗ, ಬನಶಂಕರಿಯಲ್ಲಿ ಅಮ್ಮನ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಮೂರನೇ ಮಹಡಿಯ ಆಂಟಿ ಸಿಕ್ಕರು. ಯಾವಾಗ ಬಂದೆ, ಎಷ್ಟು ದಿನ ಇರ್ತೀಯ ಎಲ್ಲ ಮುಗಿಯಿತು. ಇಳಿಯುವ ಹೊತ್ತಿಗೆ ನಗುನಗುತ್ತಲೇ ಹೇಳಿದರು: "ನೀವು ಡಾಲರ್ ಎಣಿಸೋರು ಬಂದು ರೇಟ್ ಕೆಡಿಸಿ ಹೋಗ್ತೀರಪ್ಪ. ಆಮೇಲೆ ಅನುಭವಿಸೋರು ನಾವು."

ನಾನು ಮಾಡಿದ್ದಿಷ್ಟೇ. ಅಮ್ಮನ ಮನೆಯಲ್ಲಿ ಪಾತ್ರೆ, ಕಸ, ನೆಲ, ಬಟ್ಟೆ ಎಲ್ಲ ಮಾಡಿಕೊಡುವ ಹೆಂಗಸಿಗೆ ತಿಂಗಳಿಗೆ ಒಂದು ಸಾವಿರ ಜಾಸ್ತಿ ಮಾಡಿದ್ದೆ. ಸುದ್ದಿ ಸಂಜೆಯೊಳಗೆ ಮಹಡಿ ಮಹಡಿ ಹತ್ತಿತ್ತು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ "ಎಲ್ಲರೂ ಒಂದೇ ರೇಟ್ ಕೊಡೋಣ, ಒಬ್ಬೊಬ್ಬರು ಒಂದೊಂದು ಕೊಟ್ಟರೆ ಕಷ್ಟ" ಅಂತ ಬರೆದಿದ್ದರು. ಅದಕ್ಕೆ ಸಾಲು ಸಾಲು ಹೆಬ್ಬೆಟ್ಟು. ಅಮ್ಮ ಫೋನು ತೋರಿಸಿ "ನಿಂಗೆ ಬೇಕಿತ್ತಾ ಇದು" ಅಂದರು.

ನನಗೆ ಚುಚ್ಚಿದ್ದು ಡಾಲರಿನ ಮಾತಲ್ಲ. ಆ ಗುಂಪಿನಲ್ಲಿ ವಕೀಲರಿದ್ದಾರೆ, ರಿಟೈರ್ ಆದ ಬ್ಯಾಂಕಿನವರಿದ್ದಾರೆ, ಕಂಪನಿಗಳಲ್ಲಿ ಎಚ್‌ಆರ್ ಆಗಿರುವವರಿದ್ದಾರೆ. ಅಷ್ಟು ಜನರಲ್ಲಿ ಒಬ್ಬರೂ "ಸರ್ಕಾರದ ರೇಟ್ ಎಷ್ಟಿದೆ" ಅಂತ ಕೇಳಲಿಲ್ಲ. ಕರ್ನಾಟಕ ಮನೆಕೆಲಸವನ್ನು ಕನಿಷ್ಠ ವೇತನದ ಪಟ್ಟಿಗೆ ಸೇರಿಸಿದ್ದು 2004ರಲ್ಲಿ. ದೇಶದಲ್ಲಿ ಮೊದಲು ಆ ಕೆಲಸ ಮಾಡಿದ ರಾಜ್ಯಗಳಲ್ಲಿ ನಮ್ಮದೂ ಒಂದು. ಇಪ್ಪತ್ತು ವರ್ಷದ ಮೇಲಾಯಿತು. ಆ ಹೆಂಗಸನ್ನೇ ಕೇಳಿದೆ. "ಹಂಗೆಲ್ಲ ಇದ್ಯಾ ಅಣ್ಣ?" ಅಂದಳು. ಅವಳಿಗೆ ಗೊತ್ತಿದ್ದ ರೇಟ್ ಅಂದರೆ ಎದುರು ಬ್ಲಾಕಿನ ರೇಟ್, ಅಷ್ಟೇ.

ನಾನಿರುವುದು ಮೆಲ್ಬರ್ನಿನ ಪಶ್ಚಿಮಕ್ಕೆ. ಇಲ್ಲಿ ಪ್ರತಿ ವರ್ಷ ಜೂನ್ ಶುರುವಿನಲ್ಲಿ ಒಂದು ದಿನ, ಇಡೀ ಆಸ್ಟ್ರೇಲಿಯಾಕ್ಕೆ ಕನಿಷ್ಠ ಕೂಲಿ ಗೊತ್ತುಮಾಡುವ ಫೇರ್ ವರ್ಕ್ ಕಮಿಷನ್, ಕೂಲಿ ಎಷ್ಟು ಏರಿಸಿದೆ ಅಂತ ಹೇಳುತ್ತದೆ. ಅವತ್ತು ಟೀವಿಯಲ್ಲಿ ಅದೇ ಸುದ್ದಿ. ಯೂನಿಯನ್ನಿನವರು ಸಾಲದು ಅಂತಾರೆ, ಅಂಗಡಿಯವರ ಸಂಘ ಮುಳುಗಿ ಹೋದೆವು ಅನ್ನುತ್ತದೆ. ಜುಲೈ 1ಕ್ಕೆ ಹೊಸ ರೇಟ್ ಜಾರಿ. 2025ರಲ್ಲಿ ಶೇ 3.5ರಷ್ಟು ಏರಿಸಿ ಗಂಟೆಗೆ 24.95 ಡಾಲರ್ ಮಾಡಿದರು. ಪರ್ಮನೆಂಟ್ ಅಲ್ಲದ ಕ್ಯಾಶುಯಲ್ ಕೆಲಸಕ್ಕೆ ಅದರ ಮೇಲೆ ಶೇ 25 ಜಾಸ್ತಿ. ಅಂಗಡಿ, ಹೋಟೆಲು, ಗೋದಾಮು ಎಲ್ಲಕ್ಕೂ ಬೇರೆ ಬೇರೆ 'ಅವಾರ್ಡ್' ಅಂತ ಇವೆ, ಅಂದರೆ ಆಯಾ ಕಸುಬಿನ ಕೂಲಿ ನಿಯಮಗಳು. ಅವುಗಳಲ್ಲಿ ಶನಿವಾರಕ್ಕೆ ಒಂದು ರೇಟ್, ಭಾನುವಾರಕ್ಕೆ ಇನ್ನೊಂದು, ಸರ್ಕಾರಿ ರಜೆಗೆ ಮತ್ತೊಂದು. ಓದಲು ಕೂತರೆ ತಲೆ ಕೆಡುತ್ತದೆ.

ಆದರೆ ಹದಿನೇಳರ ನನ್ನ ಮಗಳಿಗೆ ಅದು ಬಾಯಿಪಾಠ. ಪಿಯುಸಿ ವಯಸ್ಸಿನ ಹುಡುಗಿ, ವಾರಕ್ಕೆರಡು ದಿನ ಬೇಕರಿಯಲ್ಲಿ ಬ್ರೆಡ್ ಕತ್ತರಿಸಿ ಚೀಲಕ್ಕೆ ಹಾಕಿಕೊಡುತ್ತಾಳೆ. ಇಪ್ಪತ್ತೊಂದು ತುಂಬದವರಿಗೆ ರೇಟ್ ಕಮ್ಮಿ, ಆ ಬಗ್ಗೆ ಅವಳದು ಬೇರೆಯೇ ತಕರಾರಿದೆ. ಒಂದು ಸಂಜೆ ಊಟಕ್ಕೆ ಕೂತವಳು ಪೇ ಸ್ಲಿಪ್ ನೋಡುತ್ತಾ "ಅಪ್ಪ, ಭಾನುವಾರದ ಎರಡು ಗಂಟೆಗೆ ಮಾಮೂಲಿ ರೇಟ್ ಹಾಕಿದಾರೆ" ಅಂದಳು. ಸರ್ಕಾರದ ವೆಬ್‌ಸೈಟಿನಲ್ಲಿ ಲೆಕ್ಕ ಹಾಕುವ ಪುಟವೊಂದಿದೆ. ಅದರಲ್ಲಿ ವಯಸ್ಸು, ಕೆಲಸ, ದಿನ, ಗಂಟೆ ಒತ್ತಿದಳು. ಬಂದ ಮೊತ್ತದ ಫೋಟೋ ತೆಗೆದು ಮ್ಯಾನೇಜರಿಗೆ ಕಳಿಸಿದಳು. ಸಾರನ್ನ ಮುಗಿದು ಮೊಸರನ್ನ ಕಲಸುವಷ್ಟರಲ್ಲಿ ಉತ್ತರ ಬಂತು: ಸಾರಿ, ಮುಂದಿನ ಸಂಬಳದಲ್ಲಿ ಸೇರಿಸುತ್ತೇನೆ. ಸೇರಿಸಿದರು ಕೂಡ. ನಾನು ಅವಳ ವಯಸ್ಸಿನಲ್ಲಿ ಚಿಕ್ಕಪ್ಪನ ಪರಿಚಯದವರ ಅಂಗಡಿಯಲ್ಲಿ ಬೇಸಿಗೆ ರಜೆಯಿಡೀ ಬಿಲ್ ಬರೆದವನು. ಕೊನೆಗೆ ಏನು ಕೊಟ್ಟರೋ ಅದನ್ನು ಎಣಿಸದೆ ಜೇಬಿಗಿಟ್ಟುಕೊಂಡೆ. ಎಣಿಸಿದರೆ ಚೆನ್ನಾಗಿರಲ್ಲ ಅಲ್ವಾ!

ಇವರಿಗೇನು ಇದು ಸುಮ್ನೆ ಬಂದದ್ದಲ್ಲ. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಸನ್‌ಶೈನ್ ಅಂತ ಒಂದು ಬಡಾವಣೆ. ಹೆಚ್.ವಿ. ಮೆಕೇ ಎಂಬಾತ ಅಲ್ಲಿ ಗೋಧಿ ಕೊಯ್ಯುವ ಯಂತ್ರದ ದೊಡ್ಡ ಕಾರ್ಖಾನೆ ನಡೆಸುತ್ತಿದ್ದ. ನ್ಯಾಯವಾದ ಕೂಲಿ ಕೊಡುವ ಕಾರ್ಖಾನೆಗೆ ತೆರಿಗೆ ವಿನಾಯಿತಿ ಅಂತ ಸರ್ಕಾರ ಹೇಳಿತ್ತು. ಹಾಗಾದರೆ ನ್ಯಾಯವಾದ ಕೂಲಿ ಅಂದರೆ ಎಷ್ಟು? ಪ್ರಶ್ನೆ 1907ರಲ್ಲಿ ಜಸ್ಟಿಸ್ ಹಿಗಿನ್ಸ್ ಮುಂದೆ ಬಂತು. ಅವರು ಕಾರ್ಖಾನೆಯ ಲಾಭದ ಲೆಕ್ಕ ಕೇಳಲಿಲ್ಲ, ಕೂಲಿಯವರ ಹೆಂಡತಿಯರನ್ನು ಕರೆಸಿ ಮನೆಯ ಲೆಕ್ಕ ಕೇಳಿದರು. ಬಾಡಿಗೆ ಎಷ್ಟು, ದಿನಸಿ ಎಷ್ಟು, ಸೌದೆ ಎಷ್ಟು. ಗಂಡ, ಹೆಂಡತಿ, ಮೂರು ಮಕ್ಕಳು ಹಿತಮಿತವಾಗಿ ಬದುಕಲು ದಿನಕ್ಕೆ ಏಳು ಶಿಲಿಂಗ್ ಬೇಕು ಅಂತ ತೀರ್ಪು ಕೊಟ್ಟರು. ಮೆಕೇ ತೆರಿಗೆಯ ಜಗಳ ಮೇಲಿನ ಕೋರ್ಟಿಗೆ ಹೋಯಿತು. ಮರುವರ್ಷ ಆ ತೆರಿಗೆ ಕಾನೂನೇ ಬಿದ್ದುಹೋಯಿತು, ಆತ ಗೆದ್ದ. ಆದರೆ ಏಳು ಶಿಲಿಂಗ್ ಮಾತ್ರ ಎಲ್ಲರ ತಲೆಯಲ್ಲಿ ಕೂತುಬಿಟ್ಟಿತು. ಮುಂದೆ ಬಂದ ತೀರ್ಪುಗಳು ಅದನ್ನೇ ಹಿಡಿದು ನಡೆದವು.

ನಮ್ಮಲ್ಲಿ ಇಂಥ ಲೆಕ್ಕ ಇಲ್ಲವೇ? ಇದೆ, ಇನ್ನೂ ಚೆನ್ನಾಗಿಯೇ ಇದೆ. ಕನಿಷ್ಠ ವೇತನ ಕಾಯ್ದೆ ಬಂದದ್ದು 1948ರಲ್ಲಿ, ಸಂವಿಧಾನಕ್ಕಿಂತ ಮೊದಲು. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ದಿನಕ್ಕೆ 2700 ಕ್ಯಾಲೊರಿ ಊಟ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ ಅಂತ ಎಲ್ಲ ಬಿಡಿಸಿ ಹೇಳಿತು. ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪು ಇವಕ್ಕೂ ಶೇ 25 ಇರಬೇಕು ಅಂತ 1991ರಲ್ಲಿ ಸುಪ್ರೀಂ ಕೋರ್ಟ್ ಸೇರಿಸಿತು. ಹಬ್ಬದ ಖರ್ಚನ್ನೂ ಕೂಲಿಯ ಲೆಕ್ಕಕ್ಕೆ ತಂದವರು ನಾವು! ಕಾಗದದ ಮೇಲೆ ನಮ್ಮನ್ನು ಮೀರಿಸುವವರಿಲ್ಲ.

ಅದಕ್ಕೇ ಊರಿನ ಚರ್ಚೆ ಕೇಳಿದಾಗ ಸಿಟ್ಟು ಬರುತ್ತದೆ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಒಂದು ಕರಡು ಹೊರಡಿಸಿತು. ಬೆಂಗಳೂರು ಬರುವ ಮೊದಲ ವಲಯದಲ್ಲಿ, ಯಾವ ಕಸುಬೂ ಕಲಿಯದವರಿಗೂ ತಿಂಗಳಿಗೆ 23 ಸಾವಿರದ ಆಸುಪಾಸು. ಕೈಗಾರಿಕೆಯವರು ಕೂಗಾಡಿದರು, ಯೂನಿಯನ್ನುಗಳು ಸ್ವಾಗತಿಸಿದವು. ನನ್ನ ಕಾಲೇಜು ಗೆಳೆಯರ ಗುಂಪಿನಲ್ಲೂ ಜೋರು ಜಗಳ. ಒಬ್ಬ ಕಾರ್ಖಾನೆಗಳೆಲ್ಲ ತಮಿಳುನಾಡಿಗೆ ಹೋಗುತ್ತವೆ ಅಂದ. ಇನ್ನೊಬ್ಬ ಕೂಲಿಯವರ ಕೈಗೆ ದುಡ್ಡು ಬಂದರೆ ಅಂಗಡಿಗೇ ಬರುತ್ತದೆ ಅಂದ. ಇಬ್ಬರೂ ಓದಿಕೊಂಡವರು. ಆದರೆ ಈಗಿರುವ ರೇಟ್ ಎಷ್ಟು, ಅದನ್ನು ಎಷ್ಟು ಕಡೆ ಕೊಡುತ್ತಿದ್ದಾರೆ ಅನ್ನುವ ಮಾತೇ ಇಲ್ಲ. ಕೊಡದ ಕೂಲಿಯನ್ನು ಏರಿಸಿದರೆ ಯಾರಿಗೆ ಲಾಭ, ಯಾರಿಗೆ ನಷ್ಟ ಅಂತ ಹೊಡೆದಾಡುವುದು ಹುಟ್ಟದ ಮಗುವಿಗೆ ಕುಲಾವಿ ಹೊಲಿದ ಹಾಗೆ.

ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಕತೆ ಗೊತ್ತಲ್ಲ. 2020ರ ಏಪ್ರಿಲ್‌ನಿಂದ ಕೊಡಬೇಕಾಗಿದ್ದ ತುಟ್ಟಿಭತ್ಯೆ, ತಿಂಗಳಿಗೆ ನಾನೂರು ಚಿಲ್ಲರೆ ರೂಪಾಯಿ. ಸರ್ಕಾರ ಮುಂದೂಡಿತು. ಹಾಗೆ ಮುಂದೂಡುವಂತಿಲ್ಲ ಅಂತ ಹೈಕೋರ್ಟ್ ಹೇಳಿತು. ಆದರೂ ಬಹಳಷ್ಟು ಕಾರ್ಖಾನೆಗಳು ಕೊಡಲಿಲ್ಲ. ಹೊರದೇಶದ ಬ್ರ್ಯಾಂಡುಗಳ ಮೇಲೆ ಒತ್ತಡ ಬಿದ್ದ ಮೇಲೆ, ಒಂದೂವರೆ ವರ್ಷ ಕಳೆದು ಬಾಕಿ ಕೊಡಲು ಶುರುಮಾಡಿದರು. ನಾನೂರು ರೂಪಾಯಿಗೆ ಇಷ್ಟು ಸಾಹಸ.

ಇಲ್ಲಿ ಆಸ್ಟ್ರೇಲಿಯಾದಲ್ಲಿ ಅದೇ ಜಗಳಕ್ಕೆ ಅರ್ಥವಿದೆ, ಯಾಕೆಂದರೆ ಏರಿಸಿದ್ದು, ಇಳಿಸಿದ್ದು ಎರಡೂ ಮೈಗೆ ತಟ್ಟುತ್ತದೆ. 2017ರಲ್ಲಿ ಕಮಿಷನ್ ಅಂಗಡಿ, ಹೋಟೆಲುಗಳ ಭಾನುವಾರದ ರೇಟನ್ನು ಇಳಿಸಿತು. ಕೂಲಿ ಕಮ್ಮಿಯಾದರೆ ಜಾಸ್ತಿ ಜನರನ್ನು ಇಟ್ಟುಕೊಳ್ಳುತ್ತೇವೆ ಅನ್ನುವುದು ಮಾಲೀಕರ ವಾದ. ಎರಡು ವರ್ಷ ಬಿಟ್ಟು ನೋಡಿದರೆ ಹೊಸ ಕೆಲಸ ಹುಟ್ಟಿರಲಿಲ್ಲ. ಸಣ್ಣ ಉದ್ಯಮದವರ ಒಕ್ಕೂಟದ ಮುಖ್ಯಸ್ಥರೇ ಅದನ್ನು ಬಾಯಿಬಿಟ್ಟು ಒಪ್ಪಿಕೊಂಡರು. ಕೂಲಿ ಏರಿದರೆ ಕೆಲಸ ಹೋಗುತ್ತದೆ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಇಳಿಸಿದಾಗ ಕೆಲಸ ಬಂತಾ? ಇದೊಂದರಿಂದ ಏನೂ ಸಾಬೀತಾಗುವುದಿಲ್ಲ ಅಂತ ನನ್ನ ಹೆಂಡತಿ ಅನ್ನುತ್ತಾಳೆ. ಅವಳು ಎಕನಾಮಿಕ್ಸ್ ಓದಿದವಳು, ಅವಳ ಮಾತು ಅವಳಿಗೆ.

ಊರಿನಲ್ಲಿ ಜನಕ್ಕೆ ರೇಟ್ ಗೊತ್ತಿರುವ ಜಾಗವೇ ಇಲ್ಲ ಅಂತಲ್ಲ. ಸಾಗರದ ಹತ್ತಿರ ಮಾವನ ತೋಟಕ್ಕೆ ಹೋದರೆ ಕೊನೆಕೊಯ್ಲಿನ ಹೊತ್ತಿಗೆ ಅಡಕೆಗಿಂತ ಹೆಚ್ಚು ಮಾತು ಆಳಿನ ಮೇಲೆ. "ನರೇಗಾ ಬಂದಮೇಲೆ ಆಳೇ ಸಿಗಲ್ಲ" ಅಂತ ಗೊಣಗದ ಅಡಕೆ ಬೆಳೆಗಾರರನ್ನು ನಾನು ನೋಡಿಲ್ಲ. 2025-26ರಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಗಂಡಿಗೂ ಅಷ್ಟೇ, ಹೆಣ್ಣಿಗೂ ಅಷ್ಟೇ. ಪಂಚಾಯಿತಿ ಗೋಡೆ ಮೇಲೆ ಬರೆದಿರುತ್ತಾರೆ. ಓದಲು ಬಾರದ ಅಜ್ಜಿಗೂ ಅದು ಗೊತ್ತು. ಅದಕ್ಕಿಂತ ಕಮ್ಮಿಗೆ ತೋಟಕ್ಕೆ ಕರೆದರೆ ಅಜ್ಜಿ ಬರಲ್ಲ. ಮಾವ ಗೊಣಗುತ್ತಲೇ ಅದಕ್ಕಿಂತ ಜಾಸ್ತಿ ಕೊಡುತ್ತಾರೆ, ತೋಟವೂ ಉಳಿದಿದೆ. ಹಳ್ಳಿಯಲ್ಲಿ ಆದದ್ದು ಬನಶಂಕರಿಯ ಲಿಫ್ಟಿನಲ್ಲಿ, ಪೀಣ್ಯದ ಶೆಡ್ಡಿನಲ್ಲಿ ಯಾಕಾಗಬಾರದು? ನಮ್ಮ ಪಟ್ಟಿಯಲ್ಲಿ ಹತ್ತಾರು ಕಸುಬು, ಪ್ರತಿಯೊಂದಕ್ಕೂ ವಲಯ, ಕುಶಲ, ಅರೆಕುಶಲ, ಮೇಲೆ ತುಟ್ಟಿಭತ್ಯೆ. ಯಾವ ಗೋಡೆಯ ಮೇಲೆ ಅಂತ ಬರೆಯುವುದು?

ಇಷ್ಟೆಲ್ಲ ಹೇಳಿದ ಮೇಲೆ ವಿಜಯನಗರದಲ್ಲಿ ದರ್ಶಿನಿ ನಡೆಸುವ ನನ್ನ ಗೆಳೆಯನ ಮಾತನ್ನೂ ಹೇಳಬೇಕು. ಹೇಳದೆ ಬಿಟ್ಟರೆ ಅವನು ಫೋನ್ ಮಾಡುತ್ತಾನೆ. ಅವನ ಹತ್ತಿರ ಇರುವ ಹುಡುಗರಿಗೆ ಮೂರು ಹೊತ್ತು ಊಟ, ಇರಲು ರೂಮು, ವರ್ಷಕ್ಕೊಮ್ಮೆ ಊರಿಗೆ ಹೋಗಲು ಟಿಕೆಟ್. ಕೈಗೆ ಕೊಡುವುದನ್ನು ಮಾತ್ರ ನೋಡಬೇಡ ಅನ್ನುತ್ತಾನೆ. "ಇಪ್ಪತ್ಮೂರು ಸಾವಿರ ಕೊಡ್ತೀನಪ್ಪ. ಪಕ್ಕದವನೂ ಕೊಡ್ಲಿ. ಅವನು ಕೊಡದೆ ಇಡ್ಲಿ ನಲ್ವತ್ತಕ್ಕೆ ಮಾರ್ತಾ ಇದ್ರೆ ನಾನು ಅರವತ್ತಕ್ಕೆ ಮಾರಿ ಬದುಕಕ್ಕಾಗುತ್ತಾ?" ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಎಲ್ಲರೂ ಒಟ್ಟಿಗೆ ಕೊಟ್ಟರೆ ಮಾತ್ರ ನಡೆಯುವ ವ್ಯವಹಾರ ಇದು. ಒಬ್ಬ ಒಳ್ಳೆಯವನಾದರೆ ಅವನ ಅಂಗಡಿ ಮುಚ್ಚುತ್ತದೆ. ಅಪಾರ್ಟ್‌ಮೆಂಟಿನ ಆಂಟಿಯೂ ಒಂದು ರೀತಿಯಲ್ಲಿ ಇದನ್ನೇ ಹೇಳಿದ್ದು ಅಂತ ಕಾಣುತ್ತದೆ. ಅವರ ಪಿಂಚಣಿ ನನ್ನ ಸಂಬಳದ ಹಾಗೆ ಏರುವುದಿಲ್ಲ.

ಇಲ್ಲೂ ಎಲ್ಲ ಸುಖ ಅಂತ ತಿಳಿಯಬೇಡಿ. ನಮ್ಮ ಬೀದಿ ಕೊನೆಯ ಕೆಫೆಯವನು ಭಾನುವಾರ ಆಳುಗಳನ್ನು ಕರೆಯುವುದೇ ಇಲ್ಲ. ತಾನೇ ಕಾಫಿ ಮಾಡುತ್ತಾನೆ, ಹೆಂಡತಿ ತಟ್ಟೆ ಎತ್ತುತ್ತಾಳೆ. ಸರ್ಕಾರಿ ರಜೆಯ ದಿನ ಬಿಲ್ಲಿಗೆ ಶೇ 15 ಸೇರಿಸುತ್ತಾನೆ, ಇಲ್ಲವೇ ಬಾಗಿಲು ಹಾಕುತ್ತಾನೆ. ಸೂಪರ್ ಮಾರ್ಕೆಟ್ಟಿನಲ್ಲಿ ಮೊದಲು ಹುಡುಗಿಯರು ಕೂರುತ್ತಿದ್ದ ಜಾಗದಲ್ಲಿ ಈಗ ಮಷೀನುಗಳಿವೆ. ಹೆಂಡತಿ ಅದನ್ನು ತೋರಿಸಿ "ನೋಡು" ಅನ್ನುತ್ತಾಳೆ, ನಾನು ಬೇರೆ ಕಡೆ ನೋಡುತ್ತೇನೆ.

ಇನ್ನು ನಮ್ಮವರ ಅಂಗಡಿ, ಹೋಟೆಲುಗಳ ವಿಷಯ. ಬೇಡವೆಂದರೂ ಹೇಳಬೇಕಾಗುತ್ತದೆ. 2015ರಲ್ಲಿ ಇಲ್ಲಿನ 7-ಇಲೆವೆನ್ ಅಂಗಡಿಗಳ ಹಗರಣ ಹೊರಬಂದಾಗ ಮೋಸ ಹೋದವರಲ್ಲಿ ಭಾರತದ ವಿದ್ಯಾರ್ಥಿಗಳು ಬಹಳ ಮಂದಿ ಇದ್ದರು. ದುಡಿದ ಗಂಟೆಗಳಲ್ಲಿ ಅರ್ಧ ಮಾತ್ರ ಬರೆದುಕೊಳ್ಳುವುದು ಒಂದು ಉಪಾಯ. ಬ್ಯಾಂಕಿಗೆ ಪೂರ್ತಿ ಸಂಬಳ ಹಾಕಿ, ಎಟಿಎಮ್ಮಿನಿಂದ ತೆಗೆಸಿ ವಾಪಸ್ ಇಸಿದುಕೊಳ್ಳುವುದು ಇನ್ನೊಂದು. ಅಂಗಡಿ ನಡೆಸುತ್ತಿದ್ದವರಲ್ಲಿ ನಮ್ಮ ಕಡೆಯವರೂ ಇದ್ದರು. ಬೇಕಂತಲೇ ಕೂಲಿ ಕಮ್ಮಿ ಕೊಟ್ಟರೆ ಜೈಲಾಗಬಹುದು ಅನ್ನುವ ಕಾನೂನು ಇಡೀ ದೇಶಕ್ಕೆ ಬಂದದ್ದು 2025ರ ಜನವರಿಯಲ್ಲಿ. ಅಲ್ಲಿಯವರೆಗೆ ಇವರೂ ನಿದ್ದೆಯಲ್ಲೇ ಇದ್ದರು ಅನ್ನಬೇಕು.

ದಾವಣಗೆರೆ ಕಡೆಯ ಒಬ್ಬ ಹುಡುಗ ಇಲ್ಲಿನ ಕನ್ನಡ ಸಂಘದ ಯುಗಾದಿ ಊಟದಲ್ಲಿ ಸಿಕ್ಕಿದ್ದ. ಎಂ.ಎಸ್. ಓದುತ್ತಾ ಒಂದು ಇಂಡಿಯನ್ ಹೋಟೆಲಿನಲ್ಲಿ ತಂದೂರಿ ಒಲೆಯ ಮುಂದೆ ನಿಲ್ಲುತ್ತಿದ್ದ. ಗಂಟೆಗೆ ಹದಿನಾಲ್ಕು ಡಾಲರ್, ಕ್ಯಾಶ್. ಸರ್ಕಾರದ ರೇಟ್ ಅವನಿಗೆ ಪೈಸೆ ಸಮೇತ ಗೊತ್ತು. ಯಾರಿಗೆ ದೂರು ಕೊಡಬೇಕು ಅಂತಲೂ ಗೊತ್ತು. "ವೀಸಾದಲ್ಲಿ ಹದಿನೈದು ದಿನಕ್ಕೆ ನಲ್ವತ್ತೆಂಟು ಗಂಟೆ ಅಂತ ಇದೆ ಸರ್. ನಾನು ಅದಕ್ಕಿಂತ ಜಾಸ್ತಿ ಮಾಡಿದ್ದೀನಿ. ನಾನು ಬಾಯಿ ಬಿಟ್ರೆ ಅವರೂ ಬಿಡ್ತಾರೆ" ಅಂದ. ನನ್ನ ವಾದಕ್ಕೆ ಅಲ್ಲಿ ಸ್ವಲ್ಪ ಪೆಟ್ಟು ಬಿತ್ತು. ರೇಟ್ ಗೊತ್ತಿದ್ದ ಮಾತ್ರಕ್ಕೆ ಕೇಳುವ ಧೈರ್ಯ ಬರಬೇಕಂತಿಲ್ಲ.

ಪರಿಚಯದವರೊಬ್ಬರ ಗೋದಾಮಿನಲ್ಲಿ ಜಾಗ ಇತ್ತು, ಅವನ ಬಯೋಡೇಟಾ ಕಳಿಸಿದೆ. ಈಗ ಅಲ್ಲಿ ಪೆಟ್ಟಿಗೆ ಎತ್ತುತ್ತಾನೆ, ಪೂರ್ತಿ ರೇಟು, ಪೇ ಸ್ಲಿಪ್ಪು, ಗಂಟೆಗಳೂ ಕಾನೂನಿನ ಒಳಗೇ. ಸಂಘದ ಕಾರ್ಯಕ್ರಮಕ್ಕೆ ಮಾತ್ರ ಎಷ್ಟು ಕರೆದರೂ ಬರುವುದಿಲ್ಲ. ಕಾರ್ಯಕ್ರಮ ಭಾನುವಾರ ಇರುತ್ತೆ ಸರ್, ಭಾನುವಾರದ ರೇಟ್ ಬಿಡಕ್ಕಾಗಲ್ಲ ಅನ್ನುತ್ತಾನೆ.