ಸೊಂಟಕ್ಕೆ 12 ವೋಲ್ಟ್

ನಮ್ಮ ಕಾರು ನಮ್ಮ ಮನೆಗೆ ಬಂದಾಗ ಅದಕ್ಕೆ ಐದು ವರ್ಷ ತುಂಬಿತ್ತು. ಹೊಸದಾಗಿದ್ದಾಗ ಅದನ್ನು ನಾನು ಶೋರೂಮಿನ ಗಾಜಿನ ಈಚೆ ನಿಂತೇ ನೋಡಬೇಕಿತ್ತು. ಸೆಕೆಂಡ್ ಹ್ಯಾಂಡ್ ಆದಮೇಲೆ ಅದು ನನ್ನ ಮಟ್ಟಕ್ಕೆ ಇಳಿಯಿತು. ಡ್ರೈವರ್ ಸೀಟಿನ ಪಕ್ಕದಲ್ಲಿ ಒಂದು ಪುಟ್ಟ ಸ್ವಿಚ್ ಇತ್ತು. ಮುಂದಕ್ಕೆ ಒತ್ತಿದರೆ ಸೀಟಿನ ಬೆನ್ನಿನೊಳಗಿಂದ ಏನೋ ಮೆಲ್ಲಗೆ ಉಬ್ಬಿ ಬಂದು ಸೊಂಟಕ್ಕೆ ಆತುಕೊಳ್ಳುತ್ತಿತ್ತು. ಹಿಂದಕ್ಕೆ ಒತ್ತಿದರೆ ಒಳಗೆ ಹೋಗುತ್ತಿತ್ತು. ಲಂಬಾರ್ ಸಪೋರ್ಟ್ ಅಂತ ಅದರ ಹೆಸರು. ಸೊಂಟದ ಐದು ಮೂಳೆಗಳಿಗೆ ಡಾಕ್ಟರುಗಳು ಎಲ್‌1ರಿಂದ ಎಲ್‌5 ಅಂತ ನಂಬರ್ ಕೊಟ್ಟಿದ್ದಾರೆ. ನನ್ನ ಎಲ್‌4ಗೂ ಎಲ್‌5ಗೂ ಮೊದಲಿಂದ ಮಾತುಕತೆ ಇಲ್ಲ. ಈ ಸ್ವಿಚ್ ಬಂದಮೇಲೆ ಅವೆರಡೂ ಸ್ವಲ್ಪ ರಾಜಿಯಾಗಿದ್ದವು.

ಒಂದು ಭಾನುವಾರ ನನ್ನ ಹೆಂಡತಿ ಕಾರು ತೆಗೆದುಕೊಂಡು ಹೋಗಿ ಬಂದಳು. ಅವಳ ಎತ್ತರ ಐದಡಿ. ಅವಳಿಗೆ ಬೇಕಾದ ಹಾಗೆ ಅದನ್ನು ಪೂರ್ತಿ ಉಬ್ಬಿಸಿಕೊಂಡಿದ್ದಳು. ಸೋಮವಾರ ಬೆಳಗ್ಗೆ ನಾನು ಕೂತು ಹಿಂದಕ್ಕೆ ಒತ್ತಿದೆ. ಅಲ್ಲಾಡಲಿಲ್ಲ. ಮತ್ತೆ ಒತ್ತಿದೆ. ಊಹೂಂ.

ದೂರದೂರಿಗೆ ಹೋಗುವ ಕೆಂಪು ಬಸ್ಸಿನಲ್ಲಿ ಹಿಂದಿನ ಸೀಟಿನವರು ನಿದ್ದೆಗೆ ಜಾರಿ, ಮೊಣಕಾಲನ್ನು ನಮ್ಮ ಸೊಂಟಕ್ಕೆ ಒತ್ತಿಟ್ಟು ಮಲಗಿಬಿಡುತ್ತಾರಲ್ಲ, ಥೇಟ್ ಹಾಗೆ. ಬಸ್ಸಿನಲ್ಲಾದರೆ ತಿರುಗಿ 'ರೀ ಸ್ವಾಮಿ' ಅನ್ನಬಹುದು. ಇಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮುಕ್ಕಾಲು ಗಂಟೆ ನಿಂತಾಗ ಯಾರಿಗೆ ಅನ್ನಲಿ? ಆಫೀಸಿಗೆ ಹೊಟ್ಟೆ ಮುಂದೆ ಮಾಡಿಕೊಂಡೇ ಇಳಿದೆ. ಸೆಕ್ಯುರಿಟಿಯವನು ಯಾವತ್ತೂ ಇಲ್ಲದ ಸಲ್ಯೂಟ್ ಹೊಡೆದ.

ಗ್ಯಾರೇಜಿನ ಹುಡುಗ ಟ್ಯಾಬ್ಲೆಟ್ಟಿನಲ್ಲಿ ಏನೋ ಒತ್ತಿ, 'ಮೋಟಾರ್ ಬಿಡಿಯಾಗಿ ಬರಲ್ಲ ಸಾರ್, ಬೆನ್ನಿನ ಅಸೆಂಬ್ಲಿ ಪೂರ್ತಿ ಬದಲಾಯಿಸ್ಬೇಕು' ಎಂದ. ಅಸೆಂಬ್ಲಿ ಅಂದರೆ ನನಗೆ ಗೊತ್ತಿದ್ದದ್ದು ವಿಧಾನಸೌಧದ್ದು. ಅದನ್ನು ಬದಲಾಯಿಸಲು ಐದು ವರ್ಷ ಕಾಯಬೇಕು. ಇದಕ್ಕೆ 38 ಸಾವಿರ ಸಾಕಂತೆ.

ಆ ಅಂಕಿ ಕೇಳಿದ ಕೂಡಲೇ ನನ್ನೊಳಗಿನ ಎಂಜಿನಿಯರ್ ಎದ್ದು ಕೂತ. ನಾನು ಎಂಜಿನಿಯರ್ ಅಲ್ಲ, ಬಿ.ಕಾಂ. ಆದರೂ ಎದ್ದು ಕೂತ. ಶನಿವಾರ ಎಸ್.ಪಿ. ರೋಡಿಗೆ ಹೋಗಿ, ವೋಲ್ಟ್ ಅಳೆಯುವ 450 ರೂಪಾಯಿಯ ಮಲ್ಟಿಮೀಟರ್ ತಂದೆ. ರಾತ್ರಿ ಎರಡರವರೆಗೆ ಓದಿದೆ. ಈ ಲಂಬಾರ್‌ನಲ್ಲಿ ಎರಡು ಜಾತಿ. ಒಂದರಲ್ಲಿ ಗಾಳಿ ಚೀಲ ಇರುತ್ತದೆ, ಪಂಪು ಊದುತ್ತದೆ. ಇನ್ನೊಂದರಲ್ಲಿ ಸಣ್ಣ ಮೋಟಾರು ಕೇಬಲ್ ಎಳೆದು ಒಂದು ಬಲೆಯನ್ನು ಬಿಲ್ಲಿನ ಹಾಗೆ ಬಗ್ಗಿಸುತ್ತದೆ. ಪಂಪು ಗುಂಯ್ ಅನ್ನುತ್ತಿದ್ದು ಸೀಟು ಉಬ್ಬದಿದ್ದರೆ ಚೀಲವೋ ಪೈಪೋ ತೂತು. ನಮ್ಮದು ಬಿಲ್ಲಿನ ಜಾತಿ, ಮತ್ತು ಅದು ಗುಂಯ್ಯೂ ಅನ್ನುತ್ತಿರಲಿಲ್ಲ, ಗುರ್ರೂ ಅನ್ನುತ್ತಿರಲಿಲ್ಲ. ಅಂದರೆ ಕರೆಂಟಿನ ತೊಂದರೆ. ಸೀಟು ಹಿಂದೆ ಮುಂದೆ ಸರಿಯುತ್ತಿದ್ದದ್ದರಿಂದ ಫ್ಯೂಸ್ ಸರಿಯಿದೆ ಅಂತ ಯಾರಾದರೂ ಹೇಳಬಹುದಿತ್ತು. ನಾನು ಅಷ್ಟೂ ಫ್ಯೂಸ್ ಕಿತ್ತು ನೋಡಿ, ವಾಪಸ್ಸು ಯಾವುದು ಎಲ್ಲಿ ಅಂತ ಅರ್ಧ ಗಂಟೆ ಹುಡುಕಿದೆ.

ಭಾನುವಾರ ಸೀಟು ಬಿಚ್ಚುವ ಕಾರ್ಯ. ಸೀಟಿನ ಕೆಳಗೆ ಹಳದಿ ಬಣ್ಣದ ಪ್ಲಗ್ ಇದ್ದರೆ ಅದು ಏರ್‌ಬ್ಯಾಗಿನದು, ಅದಕ್ಕೆ ಮೀಟರ್ ಮುಟ್ಟಿಸಲೇಬಾರದು, ಬ್ಯಾಟರಿ ತೆಗೆದು ಹತ್ತು ನಿಮಿಷ ಕಾದು ಆಮೇಲೆ ಕೈ ಹಾಕಬೇಕು ಅಂತ ಓದಿದ್ದೆ. ತಮಾಷೆಯಲ್ಲ, ತಪ್ಪಿದರೆ ಮುಖಕ್ಕೇ ಸಿಡಿಯುತ್ತದೆ. ಶ್ರದ್ಧೆಯಿಂದ ಬ್ಯಾಟರಿ ತೆಗೆದೆ. ಕಾಫಿ ಕುಡಿದೆ. ಬಂದು ನೋಡಿದರೆ ಸೀಟಿನ ನಾಲ್ಕು ಬೋಲ್ಟಿನಲ್ಲಿ ಎರಡು ಕಾಣುತ್ತಿವೆ. ಉಳಿದೆರಡು ಕಾಣಬೇಕಾದರೆ ಸೀಟು ಮುಂದೆ ಸರಿಯಬೇಕು. ಸೀಟು ಸರಿಯಬೇಕಾದರೆ ಕರೆಂಟು ಬೇಕು. ಕರೆಂಟು ಬೇಕಾದರೆ ಬ್ಯಾಟರಿ ಬೇಕು.

ಬ್ಯಾಟರಿ ಹಾಕಿದೆ. ಸೀಟು ಮುಂದೆ. ಬ್ಯಾಟರಿ ತೆಗೆದೆ. ಮತ್ತೆ ಹತ್ತು ನಿಮಿಷ, ಮತ್ತೆ ಕಾಫಿ. ಹಿಂದಿನ ಬೋಲ್ಟು ಬಿಚ್ಚಿದಮೇಲೆ ಮುಂದಿನವು ಸೀಟಿನಡಿ ಅಡಗಿ ಕೂತಿವೆ. ಮೂರನೇ ಕಾಫಿಗೆ ಹೆಂಡತಿ 'ನೀವು ಕಾರು ರಿಪೇರಿ ಮಾಡ್ತಿದ್ದೀರೋ ಹಾಲು ಖಾಲಿ ಮಾಡ್ತಿದ್ದೀರೋ' ಎಂದಳು.

ಕೊನೆಗೂ ಸೀಟು ಮಗುಚಿ ಬಿತ್ತು. ಕೆಳಗೆ ಎರಡು ಬಾಚಣಿಗೆ, ಹದಿಮೂರು ರೂಪಾಯಿ ಚಿಲ್ಲರೆ, ಅರ್ಧ ಕೋಡುಬಳೆ. ಹಳದಿ ಪ್ಲಗ್ ಬಿಚ್ಚಿ ಪಕ್ಕಕ್ಕಿಟ್ಟೆ. ಅಳೆಯಲು ಕರೆಂಟು ಬೇಕಲ್ಲ ಅಂತ ಬ್ಯಾಟರಿ ಹಾಕಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಕೂತ ಅಭ್ಯಾಸಕ್ಕೆ ಕೀಲಿಯನ್ನೂ ತಿರುಗಿಸಿದೆ. ಡ್ಯಾಷ್‌ಬೋರ್ಡಿನಲ್ಲಿ ಏರ್‌ಬ್ಯಾಗಿನ ಕೆಂಪು ದೀಪ ಹತ್ತಿಕೊಂಡಿತು. ಪ್ಲಗ್ ಬಿಚ್ಚಿರುವಾಗ ಕೀಲಿ ತಿರುಗಿಸಿದರೆ ಕಾರು ಅದನ್ನು ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ಪ್ಲಗ್ ಹಾಕಿದರೂ ಮರೆಯುವುದಿಲ್ಲ. ಸ್ಕ್ಯಾನರ್ ಇದ್ದವರ ಹತ್ತಿರ ಹೋಗಿ ಮರೆಸಬೇಕು. ಈ ವಿಷಯದಲ್ಲಿ ಅದು ನಮ್ಮತ್ತೆಯ ಹಾಗೆ.

ಈಗ ಮೀಟರ್. ಮೋಟಾರಿನ ಪ್ಲಗ್ ಬಿಚ್ಚಿ, ಬರುವ ಎರಡು ವೈರಿಗೆ ಮೀಟರಿನ ಎರಡು ಚೂಪು ಮುಳ್ಳು ಇಟ್ಟು, ಸ್ವಿಚ್ ಒತ್ತಿದೆ. 12.4 ವೋಲ್ಟ್! ಹಿಂದಕ್ಕೆ ಒತ್ತಿದರೆ ಮೈನಸ್ 12.4. ಸ್ವಿಚ್ ಸರಿ, ವೈರು ಸರಿ. ಹಾಗಾದರೆ ಮೋಟಾರು ಸತ್ತಿದೆ. ಆ ಹುಡುಗ ಹೇಳಿದ್ದೇ ನಿಜ, 38 ಸಾವಿರ. ಒಂದು ಕಡೆ ದುಃಖ, ಇನ್ನೊಂದು ಕಡೆ ಸ್ವಂತ ಬುದ್ಧಿಯಿಂದ ಕಂಡುಹಿಡಿದ ಹೆಮ್ಮೆ.

ನಮ್ಮ ರಸ್ತೆಯ ಕೊನೆಯಲ್ಲಿ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ. ನನ್ನ ಸಾಧನೆ ಹೇಳಿಕೊಳ್ಳಲೆಂದೇ ಅವರನ್ನು ಕರೆತಂದೆ. ಅವರು ಮೀಟರನ್ನು ಮಕ್ಕಳಾಟದ ಸಾಮಾನಿನ ಹಾಗೆ ಪಕ್ಕಕ್ಕೆ ಸರಿಸಿದರು. ಜೇಬಿನಿಂದ ಒಂದು ಇಂಡಿಕೇಟರ್ ಬಲ್ಬು ತೆಗೆದರು. ಎರಡು ವೈರು ಬೆಸೆದ ಬಲ್ಬು, ಅಷ್ಟೇ. ನಾನು ಮುಳ್ಳು ಇಟ್ಟ ಜಾಗಕ್ಕೇ ಅದನ್ನು ಇಟ್ಟು, 'ಒತ್ತಿ' ಎಂದರು. ಒತ್ತಿದೆ. ಬಲ್ಬು ಹತ್ತಲಿಲ್ಲ.

'ಮೀಟರ್‌ಗೆ ಕರೆಂಟೇ ಬೇಡ ಸಾರ್. ವೈರು ಕೂದಲೆಳೆಯಷ್ಟು ಅಂಟಿಕೊಂಡಿದ್ರೂ 12 ತೋರಿಸ್ತದೆ. ಕೆಲಸ ಕೊಟ್ಟಾಗ ಗೊತ್ತಾಗೋದು.'

ನನಗೆ ತಕ್ಷಣ ಅರ್ಥವಾಯಿತು. ನಮ್ಮ ನೆಂಟರಲ್ಲಿ ಒಬ್ಬರಿದ್ದಾರೆ. 'ಮನೆ ಶಿಫ್ಟ್ ಮಾಡುವಾಗ ಒಂದು ಫೋನ್ ಹಾಕು, ನಾನಿದ್ದೀನಿ' ಅಂತ ವರ್ಷಪೂರ್ತಿ 12.4 ವೋಲ್ಟಿನಲ್ಲಿ ಮಾತಾಡುತ್ತಾರೆ. ಬೀರು ಎತ್ತುವ ದಿನ ಫೋನ್ ಸ್ವಿಚ್ ಆಫ್. ಮೋಟಾರು ಜೋಡಿಸಿಯೇ ಮತ್ತೆ ಅಳೆದೆ. 1.9 ವೋಲ್ಟ್. ಉಳಿದ ಹತ್ತೂವರೆ ದಾರಿಯಲ್ಲೇ ಎಲ್ಲೋ ಕೂತುಬಿಟ್ಟಿತ್ತು.

ಎಲ್ಲಿ ಅಂತ ಹುಡುಕಲು ಎಲೆಕ್ಟ್ರಿಷಿಯನ್‌ಗೆ ಬಲ್ಬೂ ಬೇಕಾಗಲಿಲ್ಲ. ಕೂರುವ ದಿಂಬಿಗೂ ಬೆನ್ನಿಗೂ ನಡುವಿನ ಸಂದಿಯಲ್ಲಿ ಒಂದು ಎರಡು ಪಿನ್ನಿನ ಕನೆಕ್ಟರ್ ಇತ್ತು. ಅದನ್ನು ಎಳೆದು ಮೂಗಿನ ಹತ್ತಿರ ಹಿಡಿದರು. 'ಮಜ್ಜಿಗೆ?'

ನಾನು ಸುಮ್ಮನಿದ್ದೆ. ಹಾಸನಕ್ಕೆ ಹೋಗುವಾಗ ನೆಲಮಂಗಲ ದಾಟಿದಮೇಲೆ, ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಹಲ್ಲಿನಿಂದ ಬಾಟಲಿಯ ಮುಚ್ಚಳ ತೆಗೆಯಲು ಹೋದವನು ನಾನೇ. ಎಲ್ಲರೂ ಮಲಗಿದ್ದರು. ಉಪ್ಪು, ಇಂಗು, ಕರಿಬೇವು ಹಾಕಿದ ಮಜ್ಜಿಗೆ ಅರ್ಧ ಲೀಟರ್. ಟಿಷ್ಯೂನಲ್ಲಿ ಒರೆಸಿ, ವಾಸನೆ ಬಂದಾಗ ಹಳೇ ಮಾಲೀಕರ ಮೇಲೆ ಹಾಕಿದ್ದೆ. ಹೆಂಡತಿ ಈಗ ಕನೆಕ್ಟರನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದಳು.

ಪಿನ್ನುಗಳು ಹಸಿರಾಗಿದ್ದವು. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, 'ಕಿಲುಬು' ಎಂದರು. 'ಕಲಾಯಿ ಹೋದ ಹಿತ್ತಾಳೆ ಪಾತ್ರೆಗೆ ಮಜ್ಜಿಗೆ ಹಾಕಿದ್ರೆ ಇನ್ನೇನು ಬರತ್ತೆ?' ಎಲೆಕ್ಟ್ರಿಷಿಯನ್ ತಲೆಯಾಡಿಸಿದರು. ಈ ಪಿನ್ನುಗಳಿಗೂ ತವರದ ಕಲಾಯಿ ಇರುತ್ತದಂತೆ. ಸೀಟು ಅಲ್ಲಾಡಿ ಅಲ್ಲಾಡಿ ಅದು ಸವೆದಿತ್ತು, ಉಳಿದದ್ದನ್ನು ನನ್ನ ಉಪ್ಪು ನೋಡಿಕೊಂಡಿತ್ತು. ನನ್ನ ಎರಡು ದಿನದ ಸಂಶೋಧನೆ, ಒಂದು ಮೀಟರ್, ಮೂರು ಕಾಫಿ ಎಲ್ಲ ಸೇರಿ ಮುಟ್ಟಿದ ಜಾಗಕ್ಕೆ ಅಮ್ಮ ಒಂದೇ ಪದದಲ್ಲಿ ಬಂದಿದ್ದರು.

'ಈ ಕನೆಕ್ಟರ್ ಕತ್ತರಿಸಿ ಬಿಸಾಕಿ ನೇರ ಬೆಸೆಯೋಣ, ಊಟ ಮಾಡಿ ಬರ್ತೀನಿ' ಅಂತ ಎಲೆಕ್ಟ್ರಿಷಿಯನ್ ಹೋದರು. ಅವರು ಬರುವವರೆಗೆ ಕಾಯಬಹುದಿತ್ತು, ಅಲ್ವಾ? ಆದರೆ ಮರ್ಯಾದೆ ವಾಪಸ್ಸು ಗಳಿಸಲು ನನಗಿದ್ದದ್ದು ಅದೊಂದೇ ಊಟದ ಸಮಯ. ವೈರುಗಳ ಬಣ್ಣ ಮಜ್ಜಿಗೆಯಲ್ಲಿ ನೆಂದು ಒಂದೇ ಥರ ಆಗಿತ್ತು. ಎರಡೇ ವೈರು ತಾನೇ, ಅಂತ ಕತ್ತರಿಸಿ, ಸುಲಿದು, ಬೆಸೆದು, ಟೇಪು ಸುತ್ತಿದೆ. ಎಲ್ಲರನ್ನೂ ಕರೆದು, ಹಿಂದಕ್ಕೆ ಒತ್ತಿದೆ. ಮೋಟಾರು ಗುರ್ ಎಂದಿತು. ಪೂರ್ತಿ ಉಬ್ಬಿದ್ದ ಬೆನ್ನು ಇನ್ನೂ ಉಬ್ಬಲು ಒದ್ದಾಡಿತು.

ಡಿ.ಸಿ. ಮೋಟಾರು. ವೈರು ಅದಲು ಬದಲಾದರೆ ತಿರುಗುವ ದಿಕ್ಕೂ ಅದಲು ಬದಲು. ಮತ್ತೆ ಬಿಚ್ಚಲು ಹೆಂಡತಿ ಬಿಡಲಿಲ್ಲ.

ಹಾಗಾಗಿ ನಮ್ಮ ಕಾರಿನಲ್ಲಿ ಮುಂದಕ್ಕೆ ಒತ್ತಿದರೆ ಹಿಂದಕ್ಕೆ, ಹಿಂದಕ್ಕೆ ಒತ್ತಿದರೆ ಮುಂದಕ್ಕೆ. ನಮಗೆಲ್ಲ ರೂಢಿಯಾಗಿದೆ. ಮೊನ್ನೆ ಎದುರು ಮನೆಯವರು ಮೈಸೂರಿಗೆ ಅಂತ ಕಾರು ಕೇಳಿಕೊಂಡು ಹೋದರು, ಅವರಿಗೆ ಹೇಳಲು ಮರೆತೆ. ರಾತ್ರಿ ವಾಪಸ್ಸು ಬಂದು ಕೀಲಿ ಕೊಡುವಾಗ ಅವರು ತುಂಬ ನೆಟ್ಟಗೆ ನಿಂತಿದ್ದರು.

'ಗಾಡಿ ಚೆನ್ನಾಗಿದೆ' ಎಂದರು. 'ಆದ್ರೆ ಸೀಟು ಸ್ವಲ್ಪ ಹಠಮಾರಿ. ಒತ್ತಿದಷ್ಟೂ ಎದುರು ಒತ್ತತ್ತೆ.'