ಮೂರೂವರೆ ವರ್ಷದ ಅಭ್ಯರ್ಥಿ

ಬಳ್ಳಾರಿಯ ಖಾಸಗಿ ಶಾಲೆಗಳ ಮೇಲೆ ನನಗಿರುವ ಗೌರವವು ಪ್ರತಿ ವರ್ಷ ಡಿಸೆಂಬರ್ ತಿಂಗಳಲ್ಲಿ ಇಮ್ಮಡಿಯಾಗುತ್ತದೆ. ಮೋತಿ ವೃತ್ತದಿಂದ ಕೌಲ್ ಬಜಾರಿನವರೆಗೆ, ಮೊನ್ನೆ ಮೊನ್ನೆಯವರೆಗೂ ನಾಯಕರ ಹುಟ್ಟುಹಬ್ಬಕ್ಕೆ ಮೀಸಲಾಗಿದ್ದ ಕಂಬಗಳ ಮೇಲೆ ‘ಪ್ರವೇಶ ಆರಂಭ’ ಎಂಬ ಫ್ಲೆಕ್ಸುಗಳು ಏಳುತ್ತವೆ. ಅವುಗಳಲ್ಲಿ ಟೈ ಕಟ್ಟಿಕೊಂಡು ನಗುವ ಮಗುವಿನ ಮುಖವನ್ನು ನೋಡಿದರೆ, ಅದು ಈ ಊರಿನ ಬಿಸಿಲಿಗೆ ಒಂದು ಗಳಿಗೆಯೂ ನಿಂತದ್ದಲ್ಲ ಎಂಬುದು ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಒಳಗೆ ಹೋಗಿ ಅರ್ಜಿ ಕೇಳಿದರೆ, ನರ್ಸರಿಯ ಸೀಟುಗಳು ಬಹುತೇಕ ಮುಗಿದಿವೆ ಎಂಬ ಉತ್ತರ ಬರುತ್ತದೆ. ಬಿಡುವ ಮೊದಲೇ ಮುಗಿದುಹೋಗುವ ಈ ಚಮತ್ಕಾರವನ್ನು ತುಂಗಭದ್ರಾ ಕಾಲುವೆಯ ಕೊನೆಯಂಚಿನ ರೈತರಷ್ಟೇ ಚೆನ್ನಾಗಿ ಬಲ್ಲರು.

ಅರ್ಜಿಯನ್ನು ದುಡ್ಡು ಕೊಟ್ಟೇ ಪಡೆಯಬೇಕು. ಸೀಟು ಸಿಗದಿದ್ದರೆ ಆ ದುಡ್ಡು ಮರಳಿ ಬರುವುದಿಲ್ಲ. ಅದರಲ್ಲಿ ತಂದೆಯ ಪದವಿ, ತಾಯಿಯ ಪದವಿ, ವಾರ್ಷಿಕ ಆದಾಯ, ಮನೆ ಸ್ವಂತದ್ದೋ ಬಾಡಿಗೆಯದೋ ಎಂಬ ವಿವರಗಳಿಗೆ ಬೇಕಾದಷ್ಟು ಜಾಗವಿರುತ್ತದೆ. ಮಗುವಿನ ಕುರಿತು ಕೇಳುವುದು ಕಡಿಮೆ: ಹೆಸರು, ಹುಟ್ಟಿದ ದಿನ, ಮತ್ತು ಅದು ಒಂದಕ್ಕೆ ಎರಡಕ್ಕೆ ತಾನಾಗಿ ಹೇಳುತ್ತದೆಯೇ ಎಂಬುದು. ಆಮೇಲೆ ಸಂದರ್ಶನ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಪಕ್ಕದ ಮನೆಯ ಗೆಳೆಯನೊಂದಿಗೆ ಉರ್ದು ಆಡಿಕೊಂಡು ಬೆಳೆದ ಮೂರೂವರೆ ವರ್ಷದ ಮಗುವಿನ ಮುಂದೆ ಒಂದು ಹಣ್ಣಿನ ಚಿತ್ರವನ್ನು ಹಿಡಿಯುತ್ತಾರೆ. ಅದು ಆ ಹಣ್ಣನ್ನು ಮೂರು ಭಾಷೆಗಳಲ್ಲಿ ಕೇಳಿ ತಿನ್ನಬಲ್ಲದು. ನಾಲ್ಕನೆಯ ಭಾಷೆಯಲ್ಲಿ ಅದರ ಹೆಸರು ಬಾರದೆ ಸುಮ್ಮನಾದರೆ, ‘ಮಗು ಸ್ವಲ್ಪ ಹಿಂದಿದೆ’ ಎಂದು ಮೇಜಿನ ಆಚೆ ಕುಳಿತವರು ವಿಷಾದದಿಂದ ಬರೆದುಕೊಳ್ಳುತ್ತಾರೆ.

ಮಗುವಿನದು ಉಪಪರೀಕ್ಷೆ, ಮುಖ್ಯ ಪರೀಕ್ಷೆ ತಂದೆತಾಯಿಯರದು. ಸಿರುಗುಪ್ಪದ ಕಾಲೇಜಿನಲ್ಲಿ ಕನ್ನಡದಲ್ಲೇ ಬಿ.ಎ. ಓದಿ ಉತ್ತಮ ಅಂಕ ತೆಗೆದ ತಾಯಿಯೊಬ್ಬಳು, ತನ್ನನ್ನು ತಾನು ಇಂಗ್ಲಿಷಿನಲ್ಲಿ ಪರಿಚಯಿಸಿಕೊಳ್ಳುವ ನಾಲ್ಕು ವಾಕ್ಯಗಳನ್ನು ರೊಟ್ಟಿ ಬಡಿಯುತ್ತಾ ಬಾಯಿಪಾಠ ಮಾಡುತ್ತಾಳೆ. ‘ನಮ್ಮ ಶಾಲೆಯನ್ನೇ ಏಕೆ ಆರಿಸಿಕೊಂಡಿರಿ?’ ಎಂಬ ಪ್ರಶ್ನೆಗೆ ತಂದೆಯು ಮೌಲ್ಯ, ಶಿಸ್ತು, ಸರ್ವಾಂಗೀಣ ವಿಕಾಸ ಎಂದು ಉತ್ತರಿಸಬೇಕಾಗುತ್ತದೆ. ಶಾಲೆಯ ವ್ಯಾನು ತಮ್ಮ ಓಣಿಯ ತಿರುವಿಗೆ ಬರುತ್ತದೆ ಎಂಬ ನಿಜವಾದ ಕಾರಣವನ್ನು ಹೇಳುವಂತಿಲ್ಲ. ಇಷ್ಟೆಲ್ಲ ಆದ ಮೇಲೆ ಡೊನೇಷನ್ ಎಷ್ಟೆಂಬ ಮಾತು ಬರುತ್ತದೆ ಮತ್ತು ಅದುವರೆಗೆ ಹಿಂದಿದ್ದ ಮಗು ಥಟ್ಟನೆ ಮುಂದೆ ಬರುತ್ತದೆ.

ಇದಕ್ಕೆಲ್ಲ ಕಾನೂನಿಲ್ಲವೇ ಎಂದು ಕೇಳುವ ಮುಗ್ಧರು ಇನ್ನೂ ಉಳಿದಿದ್ದಾರೆ. ಖಂಡಿತವಾಗಿಯೂ ಇದೆ, ಅದೂ ಬಹಳ ಗಟ್ಟಿಯಾದ ಕಾನೂನು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮು, ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸಿ ಆರಿಸುವಂತಿಲ್ಲ ಎನ್ನುತ್ತದೆ. ಒಂದು ಮಗುವನ್ನು ಬಿಟ್ಟು ಇನ್ನೊಂದನ್ನು ತೆಗೆದುಕೊಳ್ಳಬೇಕಾದರೆ ಚೀಟಿ ಎತ್ತಬೇಕೇ ಹೊರತು ಬೇರೆ ದಾರಿಯಿಲ್ಲ. ತಪ್ಪಿದವರಿಗೆ ಮೊದಲ ಸಲ 25 ಸಾವಿರ ರೂಪಾಯಿಯವರೆಗೆ, ಆಮೇಲಿನ ಪ್ರತಿ ಸಲಕ್ಕೆ 50 ಸಾವಿರದವರೆಗೆ ದಂಡ. ವಂತಿಗೆ ವಸೂಲು ಮಾಡಿದರೆ ಅದರ ಹತ್ತು ಪಟ್ಟಿನವರೆಗೆ ದಂಡ. ಓದುತ್ತಿದ್ದರೆ ಕಣ್ಣು ತುಂಬಿಬರುವಷ್ಟು ಸೊಗಸಾಗಿದೆ. ಒಂದೇ ತೊಡಕೆಂದರೆ, ಈ ಕಾಯ್ದೆ ಕಾಯುವುದು ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು. ಖಾಸಗಿ ಶಾಲೆಗಳಲ್ಲಿ ಬಡವರ ಮಕ್ಕಳಿಗೆಂದು ಮೀಸಲಿಟ್ಟ ಶೇ 25ರಷ್ಟು ಸೀಟುಗಳನ್ನು ಬಿಟ್ಟರೆ ನರ್ಸರಿಯ ಪ್ರವೇಶಕ್ಕೆ ಕಾಯ್ದೆ ಅನ್ವಯಿಸುವುದಿಲ್ಲವೆಂದು 2013ರ ಫೆಬ್ರುವರಿಯಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಹೇಳುವಾಗಲೇ, ಅನ್ವಯಿಸುವಂತೆ ತಿದ್ದುಪಡಿ ತರುವುದನ್ನು ಸರ್ಕಾರ ಯೋಚಿಸಬೇಕೆಂದೂ ಸೂಚಿಸಿತು. ಹಾಗಾಗಿ ಆರು ವರ್ಷದ ಮಗುವನ್ನು ಸಂದರ್ಶಿಸುವುದು ಅಪರಾಧ, ಮೂರು ವರ್ಷದ ಮಗುವನ್ನು ಸಂದರ್ಶಿಸಲು ಅಡ್ಡಿಯಿಲ್ಲ. ಮೂರಕ್ಕೇ ಎಲ್ಲ ಸೀಟುಗಳೂ ತುಂಬಿಹೋಗಿರುವುದರಿಂದ ಒಂದನೇ ತರಗತಿಯ ಬಾಗಿಲಿನಲ್ಲಿ ಹೊಸದಾಗಿ ಆರಿಸಲು ಯಾರೂ ಉಳಿದಿರುವುದಿಲ್ಲ. ಆ ನಿರ್ಜನ ಬಾಗಿಲಿಗೆ ಕಾನೂನು ಶ್ರದ್ಧೆಯಿಂದ ಕಾವಲು ಕೂತಿದೆ.

ದೆಹಲಿಯ ಪ್ರಸ್ತಾಪ ಬಂದುದರಿಂದ ಆ ಊರಿನವರ ಶ್ರಮವನ್ನೂ ಗೌರವಿಸಬೇಕು. ಅಲ್ಲಿ ನರ್ಸರಿಯ ಸೀಟಿಗೆ ಅಂಕಪದ್ಧತಿ ಇತ್ತು. 2013ರ ಡಿಸೆಂಬರಿನಲ್ಲಿ ಹೊರಟ ಮಾರ್ಗಸೂಚಿಯ ಪ್ರಕಾರ ಮನೆ ಹತ್ತಿರವಿದ್ದರೆ 70 ಅಂಕ, ಅಕ್ಕನೋ ಅಣ್ಣನೋ ಅದೇ ಶಾಲೆಯಲ್ಲಿದ್ದರೆ 20, ತಂದೆತಾಯಿ ಅಲ್ಲೇ ಓದಿದವರಾದರೆ 5. 2016ರ ಜನವರಿಯಲ್ಲಿ ಅಲ್ಲಿನ ಸರ್ಕಾರ ರದ್ದುಮಾಡಲು ಹೊರಟ 62 ಮಾನದಂಡಗಳ ಪಟ್ಟಿಯಲ್ಲಿ ತಂದೆತಾಯಿ ಸಿಗರೇಟು ಸೇದುತ್ತಾರೆಯೇ, ಕುಡಿಯುತ್ತಾರೆಯೇ, ಮಾಂಸ ತಿನ್ನುತ್ತಾರೆಯೇ ಎಂಬವೂ ಇದ್ದವು. ಈ ಅಳತೆಗೋಲು ಬಳ್ಳಾರಿಗೆ ಬಂದಿದ್ದರೆ ಎಷ್ಟು ಮನೆಗಳ ಭಾನುವಾರದ ಮಧ್ಯಾಹ್ನ ಹಾಳಾಗುತ್ತಿತ್ತೆಂದು ಊಹಿಸಲೂ ಭಯವಾಗುತ್ತದೆ. ನಮ್ಮ ಶಾಲೆಗಳು ಅಷ್ಟು ಕೆಳಗಿಳಿದಿಲ್ಲ. ಅವು ತಂದೆಯ ಶ್ವಾಸಕೋಶವನ್ನು ನೋಡುವುದಿಲ್ಲ, ಜೇಬನ್ನು ಮಾತ್ರ ನೋಡುತ್ತವೆ.

ಇನ್ನು ವಯಸ್ಸಿನ ಪ್ರಶ್ನೆ. ನಮ್ಮ ಭಾಗದಲ್ಲಿ ಅರವತ್ತು ದಾಟಿದ ನೌಕರರ ಸೇವಾ ಪುಸ್ತಕವನ್ನು ತೆರೆದು ನೋಡಿದರೆ ಅರ್ಧದಷ್ಟು ಜನ ಜೂನ್ 1ರಂದೇ ಹುಟ್ಟಿದ್ದಾರೆ. ಆ ಕಾಲದ ಹೆಡ್ ಮಾಸ್ತರರು ಹುಡುಗನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಿಸುತ್ತಿದ್ದರು. ಮುಟ್ಟಿದರೆ ದಾಖಲು, ಮುಟ್ಟದಿದ್ದರೆ ‘ಮುಂದಿನ ವರ್ಷ ಕರಕೊಂಡು ಬರ್ರಿ’ ಎಂಬ ಅಪ್ಪಣೆ. ಹುಟ್ಟಿದ್ದು ಯಾವಾಗ ಎಂದು ಕೇಳಿದರೆ, ದುರ್ಗಮ್ಮನ ಸಿಡಿಬಂಡಿ ಆದ ಮೂರನೆಯ ದಿನ ಎಂದೋ ಕಾರಹುಣ್ಣಿಮೆಯ ಹಿಂದಿನ ರಾತ್ರಿ ಎಂದೋ ತಾಯಿ ಹೇಳುತ್ತಿದ್ದಳು. ಮಾಸ್ತರರು ತಲೆಯಾಡಿಸಿ ಜೂನ್ 1 ಎಂದು ಬರೆಯುತ್ತಿದ್ದರು. ಅದರ ಫಲವಾಗಿ ಇಂದಿಗೂ ಮೇ 31ರ ಸಂಜೆ ಕಚೇರಿ ಕಚೇರಿಗಳಲ್ಲಿ ಸಾಮೂಹಿಕ ಬೀಳ್ಕೊಡುಗೆ ನಡೆಯುತ್ತದೆ. ಆ ಪರೀಕ್ಷೆಯಲ್ಲಿ ಮೋಸವಿರಲಿಲ್ಲ, ಅರ್ಜಿ ಶುಲ್ಕವಿರಲಿಲ್ಲ, ಕೈ ಕಿವಿಗಳ ನಡುವೆ ಇಂಗ್ಲಿಷಿನ ಹಂಗೂ ಇರಲಿಲ್ಲ. ಮುಖ್ಯವಾಗಿ, ಅದರಲ್ಲಿ ಫೇಲಾದವನು ತಾನು ದಡ್ಡನೆಂದು ತಿಳಿಯದೆ ಗೋಲಿ ಆಡಲು ಓಡಿಹೋಗುತ್ತಿದ್ದ.

ಈಗ ಅದೇ ಜೂನ್ 1 ಹೊಸ ಪ್ರತಾಪದೊಂದಿಗೆ ಮರಳಿದೆ. ಆ ದಿನಕ್ಕೆ ಎಲ್‌ಕೆಜಿಗೆ ನಾಲ್ಕು, ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು. ಜೂನ್ 2ರಂದು ಹುಟ್ಟಿದ ಮಗು ಇನ್ನೊಂದು ವರ್ಷ ಕಾಯಬೇಕು. ಆರು ವರ್ಷ ಕಡ್ಡಾಯವೆಂಬ ನಮ್ಮ ರಾಜ್ಯ ಸರ್ಕಾರದ ಆದೇಶ 2022ರ ಜುಲೈನಲ್ಲಿ ಬಂತು. ಅದೇ ನವೆಂಬರಿನಲ್ಲಿ ಅದನ್ನು 2025–26ಕ್ಕೆ ಮುಂದೂಡಿದರು. ಆ ವರ್ಷ ಬಂದೇಬಿಟ್ಟಾಗ, ಮೂರು ವರ್ಷಗಳ ಹಿಂದೆಯೇ ಗೊತ್ತಿದ್ದ ಸಂಗತಿಯನ್ನು ಆಗ ತಾನೇ ಕಂಡವರಂತೆ ಬೆಚ್ಚಿಬಿದ್ದು, 2025ರ ಏಪ್ರಿಲಿನಲ್ಲಿ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳು ಸಾಕೆಂದರು. ಅಷ್ಟರಲ್ಲಿ ಎಷ್ಟೋ ಪೋಷಕರು ಮಗುವನ್ನು ಎರಡನೇ ಸಲ ಯುಕೆಜಿಯಲ್ಲಿ ಕೂರಿಸಲು ಮನಸ್ಸನ್ನು ಗಟ್ಟಿಮಾಡಿಕೊಂಡಿದ್ದರು. ಹೆರಿಗೆಯ ದಿನವನ್ನು ಗೊತ್ತುಮಾಡುವವರು ಇನ್ನು ಮುಂದೆ ಪಂಚಾಂಗದೊಂದಿಗೆ ಶಿಕ್ಷಣ ಇಲಾಖೆಯ ಸುತ್ತೋಲೆಗಳನ್ನೂ ಇಟ್ಟುಕೊಳ್ಳುವುದು ಕ್ಷೇಮ.

ಇಷ್ಟು ಹೊತ್ತು ನಗುತ್ತಲೇ ಬರೆದೆ. ಆದರೆ ಶೇ 25ರ ಸೀಟುಗಳ ಕಥೆಯಲ್ಲಿ ನಗುವಂಥದ್ದೇನೂ ಇಲ್ಲ. ನಮ್ಮ ರಾಜ್ಯದಲ್ಲಿ ಆ ಸೀಟುಗಳಿಗೆ ಆನ್‌ಲೈನಿನಲ್ಲಿ ಲಾಟರಿ ಎತ್ತಲಾಗುತ್ತಿತ್ತು, ಮತ್ತು ಜೀನ್ಸ್ ಹೊಲಿಯುವವರ ಮಗುವೂ ಗಣಿಯ ಲಾರಿ ಓಡಿಸುವವರ ಮಗುವೂ ಯಾರ ಸಂದರ್ಶನವನ್ನೂ ಎದುರಿಸದೆ ಎಲ್‌ಕೆಜಿಗೆ ಹೋಗಲು ಅದೊಂದೇ ದಾರಿಯಾಗಿತ್ತು. 2019ರಲ್ಲಿ ಸರ್ಕಾರ ನಿಯಮವನ್ನು ತಿದ್ದಿತು: ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆ ಮಕ್ಕಳನ್ನು ಸೇರಿಸಿಕೊಳ್ಳಬೇಕಾಗಿಲ್ಲ. ನಮ್ಮ ರಾಜ್ಯದ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹತ್ತಿರದಲ್ಲಿ ಸರ್ಕಾರಿ ಶಾಲೆ ಇಲ್ಲದ ಓಣಿ ಯಾವ ಊರಿನಲ್ಲಿದೆ? ಲಕ್ಷಕ್ಕೂ ಮೀರಿದ್ದ ಸೀಟುಗಳು ಒಂದೇ ವರ್ಷದಲ್ಲಿ ಇಪ್ಪತ್ತು ಸಾವಿರಕ್ಕಿಂತ ಕೆಳಗಿಳಿದವು. ಅದೂ ಹೋಗಲಿ ಎಂದರೆ, ಆ ಹತ್ತಿರದ ಸರ್ಕಾರಿ ಶಾಲೆಗಳಲ್ಲಿ ಹೆಚ್ಚಿನವು ಆರಂಭವಾಗುತ್ತಿದ್ದುದು ಒಂದನೇ ತರಗತಿಯಿಂದ; ಮಗುವಿಗೆ ಆಗಿರುವುದು ನಾಲ್ಕು ವರ್ಷ. ಇಲ್ಲದ ತರಗತಿಯನ್ನು ತೋರಿಸಿ ಇದ್ದ ಸೀಟನ್ನು ಕಿತ್ತುಕೊಂಡರು, ಅಷ್ಟೇ. ಬಳ್ಳಾರಿ, ರಾಯಚೂರು, ಕೊಪ್ಪಳಗಳ ಮಕ್ಕಳಿಗೆ, ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯಡಿ ಮೆಡಿಕಲ್ ಮತ್ತು ಎಂಜಿನಿಯರಿಂಗ್ ಸೀಟಿನ ಮೀಸಲಾತಿ ಇದೆ ಎಂದು ವೇದಿಕೆಗಳಲ್ಲಿ ಎದೆ ತಟ್ಟಿಕೊಳ್ಳುವವರು, ಆ ಮಗು ಅಲ್ಲಿಯವರೆಗೆ ಯಾವ ಮೆಟ್ಟಿಲು ಹತ್ತಿ ಬರಬೇಕು ಎಂಬುದನ್ನು ಹೇಳುವುದಿಲ್ಲ.

ಕೊನೆಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ ತೆರೆಯಲು ಹೊರಟರು. ಒಳ್ಳೆಯ ಕೆಲಸವೇ. ಆದರೆ ಅದೇ ವಯಸ್ಸಿನ ಮಕ್ಕಳಿಗೆ ಮೊಟ್ಟೆ, ಹಾಲು, ಹಾಡು ಕೊಟ್ಟು ನೋಡಿಕೊಳ್ಳುತ್ತಿದ್ದ ಅಂಗನವಾಡಿ ಕಾರ್ಯಕರ್ತೆಯರು, ನಮ್ಮ ಕೇಂದ್ರಗಳು ಖಾಲಿಯಾಗುತ್ತವೆ ಎಂದು 2024ರ ಜೂನ್‌ನಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಧರಣಿ ಕೂತರು. ಅರ್ಜಿ, ಸಂದರ್ಶನ, ಡೊನೇಷನ್ ಯಾವುದೂ ಇಲ್ಲದೆ ಬಂದ ಮಗುವನ್ನು ಬಂದ ಹಾಗೆಯೇ ಒಳಗೆ ಕರೆದುಕೊಳ್ಳುವ ಏಕೈಕ ಜಾಗ ಅಂಗನವಾಡಿ. ಅದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದ್ದು. ಎಲ್‌ಕೆಜಿ ಶಿಕ್ಷಣ ಇಲಾಖೆಯದು. ಖಾಸಗಿ ಶಾಲೆ ಮಗುವನ್ನು ಬೇಡ ಎನ್ನುತ್ತಿದ್ದರೆ, ಇಲ್ಲಿ ಎರಡು ಇಲಾಖೆಗಳು ಅದು ತಮ್ಮದೆಂದು ಜಗಳವಾಡುತ್ತಿವೆ. ಆದರೆ ಎರಡೂ ಸೇರಿ ಅದಕ್ಕೆ ಒಂದು ಸರಿಯಾದ ಕೋಣೆಯನ್ನೂ ವರ್ಷವಿಡೀ ಇರುವ ಒಬ್ಬ ಶಿಕ್ಷಕಿಯನ್ನೂ ಕೊಡುವ ಮಾತು ಬಂದಾಗ ಜಗಳ ತಾನಾಗಿ ನಿಲ್ಲುತ್ತದೆ.

ಚೀಟಿ ಎತ್ತುವ ನಿಯಮವನ್ನು ಆರು ವರ್ಷದಿಂದ ಮೂರು ವರ್ಷಕ್ಕೆ ಇಳಿಸಲು ಬೇಕಾಗಿರುವುದು ಒಂದು ಸಾಲಿನ ತಿದ್ದುಪಡಿ. ಅದು ದೆಹಲಿಯ ಕೆಲಸವೆಂದು ಬೆಂಗಳೂರು, ಬೆಂಗಳೂರಿನ ಕೆಲಸವೆಂದು ದೆಹಲಿ ಕೈತೋರಿಸುತ್ತಾ ಇನ್ನಷ್ಟು ವರ್ಷ ಕಳೆಯಬಹುದು. 2019ರಲ್ಲಿ ಶಾಲೆಗಳ ಅನುಕೂಲಕ್ಕೆ ನಿಯಮ ತಿದ್ದುವಾಗ ಅದು ಯಾರ ಕೆಲಸವೆಂಬ ಸಂದೇಹ ಯಾರಿಗೂ ಬಂದಿರಲಿಲ್ಲ.