ಮಿತಿಯೊಳಗಿದೆ, ಆತಂಕ ಬೇಡ

ವಿಕಿರಣದ ಸುದ್ದಿ ಎಲ್ಲಿಂದಲೇ ಬರಲಿ, ಕೊನೆಗೆ ಮಂಗಳಾರತಿಯ ಹಾಗೆ ಒಂದು ಸಾಲು ಇದ್ದೇ ಇರುತ್ತದೆ: 'ಎಲ್ಲವೂ ಮಿತಿಯೊಳಗಿದೆ, ಆತಂಕ ಬೇಡ.' ಜಪಾನಿನ ಫುಕುಶಿಮಾ ಅಣುಸ್ಥಾವರದ ನೀರನ್ನು ಕಡಲಿಗೆ ಬಿಟ್ಟಾಗಲೂ ಇದನ್ನೇ ಕೇಳಿದೆವು. ಮಿತಿ ನಿನ್ನೆ ಎಲ್ಲಿತ್ತು ಎಂದು ಮಾತ್ರ ಕೇಳಬಾರದು. ಅದಕ್ಕೆ ಕಾಲಿದೆ.

ಮೈಗೆ ತಗಲುವ ವಿಕಿರಣವನ್ನು ಅಳೆಯುವುದು ಮಿಲಿಸೀವರ್ಟ್‌ನಲ್ಲಿ. ಜನಸಾಮಾನ್ಯರ ಮಿತಿ ವರ್ಷಕ್ಕೆ 1. ನಿಸರ್ಗದ್ದು, ಆಸ್ಪತ್ರೆಯದ್ದು ಈ ಲೆಕ್ಕಕ್ಕಿಲ್ಲ. ಜಪಾನಿನಲ್ಲೂ ಅಷ್ಟೇ, ನಮ್ಮ ಕೈಗಾದ ಬೇಲಿಯಾಚೆಗೂ ಅಷ್ಟೇ. 2011ರ ಮಾರ್ಚ್‌ನಲ್ಲಿ ಫುಕುಶಿಮಾದ ರಿಯಾಕ್ಟರ್ ಕಟ್ಟಡಗಳು ಸಿಡಿದು ಶಾಲೆಗಳ ಮೈದಾನದ ಮೇಲೆ ವಿಕಿರಣ ಸೂಸುವ ಸೀಸಿಯಂ ಕೂತಿತು. ಮಣ್ಣು ಮಿತಿಗೆ ಇಳಿಯಲಿಲ್ಲ. ಹಾಗಾಗಿ ಏಪ್ರಿಲ್ 19ರಂದು ಶಿಕ್ಷಣ ಸಚಿವಾಲಯ ಮಿತಿಯನ್ನೇ ಮಣ್ಣಿನ ಬಳಿಗೆ ಹೊತ್ತೊಯ್ದಿತು. ಮಕ್ಕಳಿಗೆ ವರ್ಷಕ್ಕೆ 20!

ಲೆಕ್ಕ ಬಲು ಚೆಂದ. ಮಗು ದಿನಕ್ಕೆ 8 ಗಂಟೆ ಹೊರಗೆ, 16 ಗಂಟೆ ಮರದ ಮನೆಯೊಳಗೆ. ಒಳಗೆ ವಿಕಿರಣ ಹೊರಗಿನ ನೂರಕ್ಕೆ 40. ಹದಿನಾರನ್ನು 0.4ರಿಂದ ಗುಣಿಸಿ, 8 ಕೂಡಿಸಿ: 14.4. ಅದಕ್ಕೆ 365 ದಿನ. ಇಪ್ಪತ್ತನ್ನು ಅದರಿಂದ ಭಾಗಿಸಿದರೆ ಗಂಟೆಗೆ 3.8 ಮೈಕ್ರೋಸೀವರ್ಟ್ (ಮೈಕ್ರೋ ಎಂದರೆ ಮಿಲಿಯ ಸಾವಿರದಲ್ಲೊಂದು ಪಾಲು). ಇಪ್ಪತ್ತರ ಜಾಗದಲ್ಲಿ 1 ಇಟ್ಟರೆ ಇದೇ ಸೂತ್ರ 0.19 ಎನ್ನುತ್ತದೆ. ಗಣಿತಕ್ಕೆ ಪೂರ್ತಿ ಅಂಕ ಕೊಡಬೇಕು. ಉಸಿರಲ್ಲಿ, ಬಾಯಲ್ಲಿ ಹೋಗುವ ಧೂಳು ಆ ಗುಣಾಕಾರದಲ್ಲಿಲ್ಲ, ಅಷ್ಟೇ.

ಪ್ರಾಥಮಿಕ ಶಾಲೆಯಲ್ಲಿ ಮಾಪಕವನ್ನು ನೆಲದಿಂದ 50 ಸೆಂ.ಮೀ. ಎತ್ತರದಲ್ಲಿ ಹಿಡಿಯಬೇಕು, ಮಾಧ್ಯಮಿಕದಲ್ಲಿ 1 ಮೀಟರ್. ಮುಳ್ಳು 3.8 ದಾಟಿದರೆ ಹೊರಗೆ ಆಟ ದಿನಕ್ಕೆ 1 ಗಂಟೆ. ಜೊತೆಗೆ ಸೂಚನೆಗಳು: ಕೈ ಮುಖ ತೊಳೆಯಿರಿ, ಬಾಯಿ ಮುಕ್ಕಳಿಸಿ, ಬೂಟಿನ ಮಣ್ಣು ಕೊಡವಿ, ಧೂಳೆದ್ದರೆ ಕಿಟಕಿ ಮುಚ್ಚಿ. 'ಬಚ್ಚಲಲ್ಲಿ ಕಾಲು ತೊಳಕೊಂಡು ಒಳಗೆ ಬಾರೋ' ಎನ್ನುವ ನಮ್ಮ ಅಜ್ಜಿಯರನ್ನು ಯಾವ ಪರಮಾಣು ಆಯೋಗವೂ ಸದಸ್ಯರನ್ನಾಗಿ ಮಾಡಿಕೊಳ್ಳಲಿಲ್ಲವಲ್ಲ!

ಫುಕುಶಿಮಾ ಪ್ರಾಂತ್ಯದ ಕೊರಿಯಾಮಾ ನಗರದವರು ಸರ್ಕಾರಕ್ಕಾಗಿ ಕಾಯುತ್ತ ಕೂರದೆ ಶಾಲಾ ಮೈದಾನದ ಮೇಲ್ಮಣ್ಣು ಕೆರೆಸಿದರು. ಮುಳ್ಳು ಇಳಿಯಿತು. ಕೆರೆದ ಮಣ್ಣು ಎಲ್ಲಿಗೆ? ಕಸ ಹಾಕುವ ಜಾಗದ ಅಕ್ಕಪಕ್ಕದವರು ಒಪ್ಪಲಿಲ್ಲ. ಅದೇ ಮೈದಾನದ ಮೂಲೆಯಲ್ಲಿ ರಾಶಿ, ಮೇಲೊಂದು ಶೀಟು.

ಇಪ್ಪತ್ತು ಆಕಾಶದಿಂದ ಉದುರಿದ್ದಲ್ಲ. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗದ ಆಗಿನ ಸಲಹೆಯ ಪ್ರಕಾರ ತುರ್ತು ಸ್ಥಿತಿಗೆ 20ರಿಂದ 100, ಅಪಘಾತ ತಣ್ಣಗಾದ ಮೇಲಿನ ಬದುಕಿಗೆ 1ರಿಂದ 20. ಎರಡನೆಯದರಲ್ಲಿ ಕೆಳತುದಿಯ ಕಡೆಗೇ ಆರಿಸಿಕೊಳ್ಳಿ ಎಂದೂ ಆಯೋಗ ಹೇಳಿತ್ತು. ಆ ಸಾಲು ಓದುವಾಗ ಸಚಿವಾಲಯದಲ್ಲಿ ಕರೆಂಟು ಹೋಗಿರಬೇಕು.

ಅದೇ ದೇಶದ ಕಾನೂನಿನಲ್ಲಿ 3 ತಿಂಗಳಿಗೆ 1.3 ಮಿಲಿಸೀವರ್ಟ್ ದಾಟಬಹುದಾದ ಜಾಗ ನಿಯಂತ್ರಿತ ವಲಯ. ಫಲಕ ಹಾಕಬೇಕು, ಕೆಲಸವಿಲ್ಲದವರನ್ನು ಬಿಡಬಾರದು. 18 ತುಂಬದವರು ವಿಕಿರಣದ ಕೆಲಸ ಮಾಡುವಂತಿಲ್ಲ. ಮೂರು ತಿಂಗಳ ಆ 1.3 ವರ್ಷಕ್ಕೆ 5.2 ಆಯಿತು. ಮಕ್ಕಳು ಅಲ್ಲಿ ದುಡಿಯುವುದು ಅಪರಾಧ, ಅದರ ಸುಮಾರು ನಾಲ್ಕು ಪಟ್ಟಿನಲ್ಲಿ ಆಡುವುದು ಪಠ್ಯೇತರ ಚಟುವಟಿಕೆ.

ವರ್ಷಕ್ಕೆ 20 ಎಂದರೆ ನಾಳೆಯೇ ಕಾಯಿಲೆ ಎಂದಲ್ಲ. ಯಾವ ಮಿತಿಯೂ ಅಪಾಯಕ್ಕೂ ಖರ್ಚಿಗೂ ನಡುವಿನ ಚೌಕಾಸಿಯೇ. ಇಷ್ಟು ಜನರನ್ನು ಎಬ್ಬಿಸಿ ಕಳಿಸಲು ನಮ್ಮಿಂದಾಗದು ಎಂದು ಸರ್ಕಾರ ಹೇಳಿದ್ದರೆ ತಾಯಂದಿರು ಬೈದುಕೊಂಡಾದರೂ ಕೇಳುತ್ತಿದ್ದರು. ಆಗದ್ದನ್ನು ಸುರಕ್ಷಿತ ಎಂದು ಕರೆದರಲ್ಲ, ಹೊಟ್ಟೆ ಉರಿಯುವುದು ಅದಕ್ಕೆ. ಸರ್ಕಾರಕ್ಕೆ ಸಲಹೆ ಕೊಡಲು ಕರೆಸಿದ್ದ ಪ್ರೊಫೆಸರ್ ತೋಶಿಸೊ ಕೊಸಾಕೊ ಅವರೇ ಈ ಇಪ್ಪತ್ತನ್ನು ಒಪ್ಪಲಾರದೆ ಏಪ್ರಿಲ್ 29ರಂದು ಕಣ್ಣೀರು ಹಾಕಿ ರಾಜೀನಾಮೆ ಕೊಟ್ಟರು.

ಮೇ 27ರಂದು ಸಚಿವಾಲಯ, ಶಾಲೆಯಲ್ಲಿ 1ರ ಗುರಿ ಇಟ್ಟುಕೊಳ್ಳುತ್ತೇವೆ, ಮಣ್ಣು ಕೆರೆಯಲು ದುಡ್ಡನ್ನೂ ಕೊಡುತ್ತೇವೆ ಎಂದಿತು. ಆಮೇಲೆ, ಖಾಲಿ ಮಾಡಿಸಿದ್ದ ಊರುಗಳಿಗೆ ಮರಳಿ ಹೋಗಬಹುದು ಎಂದು ತೆರವಿನ ಆದೇಶ ಹಿಂದಕ್ಕೆ ಪಡೆಯುವಾಗ ಇಟ್ಟ ಅಳತೆ ಮತ್ತೆ 20.